ಕಾಗದದ ಒಕ್ಕಣೆ

ಮಂಡ್ಯದ ಕಾಲೇಜೊಂದರಲ್ಲಿ ಕನ್ನಡ ಹೇಳಿಕೊಡುವುದು ನನ್ನ ಕಸುಬು. ಪಂಪ, ಹರಿಹರ, ಕುಮಾರವ್ಯಾಸರ ನಡುವೆ ವರ್ಷಕ್ಕೊಂದು ಸಲ 'ವ್ಯವಹಾರ ಪತ್ರ'ವೆಂಬ ಒಣ ಪಾಠವೊಂದು ಬಂದು ಹೋಗುತ್ತದೆ. ಎಡಗಡೆ ಏನು, ಬಲಗಡೆ ಏನು, ವಿಷಯವೆಲ್ಲಿ, ರುಜುವೆಲ್ಲಿ ಎಂದು ಕಪ್ಪು ಹಲಗೆಯ ಮೇಲೆ ಗೆರೆ ಎಳೆದು ತೋರಿಸಿ, 'ಇಷ್ಟು ಬರೆದರೆ ನಿಮ್ಮ ಅಂಕ ಎಲ್ಲಿಗೂ ಹೋಗುವುದಿಲ್ಲ' ಎಂದು ಹುಡುಗರಿಗೆ ಅಭಯವಿತ್ತು ಮುಂದಕ್ಕೆ ಸಾಗುವುದು ನನ್ನ ಪದ್ಧತಿಯಾಗಿತ್ತು. ಆ ಪಾಠದಲ್ಲಿ ವಿಚಾರ ಮಾಡತಕ್ಕದ್ದು ಏನಾದರೂ ಇದ್ದೀತೆಂದು ನಾನು ಎಣಿಸಿರಲಿಲ್ಲ.

ಒಂದು ದಿನ ಮದ್ದೂರಿನಿಂದ ಬೆಳಗಿನ ರೈಲಿಗೆ ಬರುವ ಹುಡುಗನೊಬ್ಬ ಎದ್ದು ನಿಂತ. 'ಸರ್, ಮೇಲ್ಗಡೆ ಬರೀ "ಇಂದ" ಅಂತ ಬರೀತೀವಿ. ಅದರ ಕೆಳಗೆ ಬರೀ "ಗೆ" ಅಂತ ಬರೀತೀವಿ. ಪ್ರತ್ಯಯ ಒಂಟಿಯಾಗಿ ನಿಲ್ಲೋದಿಲ್ಲ ಅಂತ ಹೋದ ತಿಂಗಳು ನೀವೇ ಹೇಳಿದ್ರಿ. ಇಲ್ಲಿ ಹೆಂಗೆ ನಿಂತವೆ?'

ತರಗತಿ ನಕ್ಕಿತು. ನಾನೂ ನಕ್ಕೆ. ನಗುವಿನ ಮರೆಯಲ್ಲಿ ಗಂಟೆ ಹೊಡೆದದ್ದು ನನ್ನ ಪುಣ್ಯ. ಏಕೆಂದರೆ ಆ ಹುಡುಗನಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ನಾಮಪ್ರಕೃತಿಗೆ ವಿಭಕ್ತಿ ಹತ್ತುವ ಬಗೆಯನ್ನು ಅಷ್ಟು ನಿಷ್ಠೆಯಿಂದ ವಿವರಿಸಿದ್ದಾನೆ. ಪ್ರಕೃತಿಯನ್ನು ಬಿಟ್ಟು ಬಂದ ಒಂದು 'ಗೆ', ಪಕ್ಕದಲ್ಲಿ ಅಲ್ಪವಿರಾಮವನ್ನಿಟ್ಟುಕೊಂಡು, ಸಾಲಿನಲ್ಲಿ ತಾನೊಂದೇ ಕುಳಿತಿರುವುದನ್ನು ಅವನು ಕಂಡಿದ್ದರೆ ಏನೆನ್ನುತ್ತಿದ್ದನೋ! ಇಂಗ್ಲಿಷಿನವರ 'ಫ್ರಮ್' ಮತ್ತು 'ಟು' ನಾಮಪದಕ್ಕಿಂತ ಮುಂಚೆ ಬರುವ ಸ್ವತಂತ್ರ ಪದಗಳು. ಅವನ್ನು ಕಾಗದದ ನೆತ್ತಿಯಲ್ಲಿ ಬರೆದು, ಕೆಳಗೆ ಹೆಸರು ವಿಳಾಸ ಕೊಟ್ಟರೆ ಅವರ ಭಾಷೆಗೆ ಮುಕ್ಕಾಗುವುದಿಲ್ಲ. ನಮ್ಮಲ್ಲಿ ವಿಭಕ್ತಿ ಹೆಸರಿನ ಬಾಲ. ಯಾರೋ ಪುಣ್ಯಾತ್ಮರು ಬಾಲವನ್ನು ಕಿತ್ತು ತಲೆಯ ಮೇಲಿಟ್ಟರು. ಅದು ಅಲ್ಲಿಯೇ ಉಳಿಯಿತು. ಇಂದಿಗೂ ತಾಲ್ಲೂಕು ಕಚೇರಿಗೆ ಹೋಗುವ ಅರ್ಜಿಗಳು 'ಇಂದ' ಎಂದು ಶುರುವಾಗುತ್ತವೆ.

ಆ ಪ್ರಶ್ನೆಯನ್ನು ಹೊತ್ತುಕೊಂಡು ನಾನು ಹೋದದ್ದು ಯಾವ ಗ್ರಂಥಾಲಯಕ್ಕೂ ಅಲ್ಲ, ಮಳವಳ್ಳಿಯ ನಮ್ಮ ಹಳೆಯ ಮನೆಯ ಅಟ್ಟಕ್ಕೆ. ನನ್ನ ತಾತ ಮಳವಳ್ಳಿಯಲ್ಲಿ ಅರ್ಜಿ ಬರೆದು ಜೀವನ ಮಾಡಿದವರು. ಕಚೇರಿಯ ಮುಂದಿನ ಮರದ ನೆರಳಿನಲ್ಲಿ ಚಾಪೆ ಹಾಸಿ, ಇಳಿಜಾರು ಮುಚ್ಚಳದ ಡೆಸ್ಕೊಂದನ್ನು ಮುಂದಿಟ್ಟುಕೊಂಡು, ಮಸಿಕುಡಿಕೆ, ಒತ್ತುಕಾಗದ, ಹೆಬ್ಬೆಟ್ಟು ಒತ್ತಿಸುವ ಮಸಿದಿಂಬು, ಇಷ್ಟನ್ನೇ ಬಂಡವಾಳ ಮಾಡಿಕೊಂಡು ಮೂವತ್ತು ವರ್ಷಕ್ಕೂ ಮೀರಿ ಕುಳಿತಿದ್ದರು. ಅವರ ಕಾಗದಗಳೆಲ್ಲ ಅಟ್ಟದ ಪೆಟ್ಟಿಗೆಯಲ್ಲಿ, ಮರದ ಬಿಲ್ಲೆಗೆ ನೆಟ್ಟ ಕೊಕ್ಕೆತಂತಿಗೆ ಚುಚ್ಚಿಕೊಂಡು, ಒಣಗಿದ ಎಲೆಗಳ ಹಾಗೆ ಇವೆ. ಬಂಧುಬಳಗದ ಪತ್ರಗಳು ಒಂದು ತಂತಿಗೆ, ಬರೆದುಕೊಟ್ಟ ಅರ್ಜಿಗಳ ನಕಲು ಇನ್ನೊಂದಕ್ಕೆ.

ಕಾಗದ ಬರೆಯುವ ಈ ಕ್ರಮಕ್ಕೆ ತಾತ ಬಳಸುತ್ತಿದ್ದ ಮಾತು 'ಒಕ್ಕಣೆ'. ಇಂದಿನ ಹುಡುಗರಿಗೆ ಒಕ್ಕಣೆ ಎಂದರೆ ಗೊತ್ತಿರುವುದು ಕಣದ ಒಕ್ಕಣೆ ಒಂದೇ. ನಮ್ಮ ಸೀಮೆಯಲ್ಲಿ ಸುಗ್ಗಿ ಬಂತೆಂದರೆ ಅದು ಎಲ್ಲರ ಬಾಯಲ್ಲೂ ಇರುವ ಮಾತು. ಹಿಂದೆ ಕಣ ಸಾರಿಸಿ, ತೆನೆ ಹರವಿ, ಎತ್ತು ಕಟ್ಟಿ ರೋಣಗಲ್ಲು ಉರುಳಿಸುತ್ತಿದ್ದರು. ಈಗ ರಾಗಿಯನ್ನೂ ಹುರುಳಿಯನ್ನೂ ಟಾರು ರಸ್ತೆಗೆ ಚೆಲ್ಲಿ, ಹೋಗುವ ಬರುವ ಲಾರಿಗಳಿಂದ ಬಿಟ್ಟಿ ಕೆಲಸ ಮಾಡಿಸಿಕೊಳ್ಳುತ್ತಾರೆ. ಕಾಗದದ ಒಕ್ಕಣೆ ಬೇರೆಯ ಮಾತು: ಯಾರಿಗೆ ಯಾವ ಗೌರವದ ನುಡಿ ಸಲ್ಲಬೇಕು, ಯಾವುದು ಮೊದಲು ಬರಬೇಕು, ಹೇಗೆ ಮುಗಿಯಬೇಕು ಎಂಬ ಬರವಣಿಗೆಯ ಕಟ್ಟು. ತಾತ ಮಾತ್ರ ಎರಡೂ ಒಂದೇ ಎಂದು ನಗುತ್ತಿದ್ದರಂತೆ. 'ಎರಡರಲ್ಲೂ ಹುಲ್ಲು ಜಾಸ್ತಿ, ಕಾಳು ಕಮ್ಮಿ' ಎಂದು.

ಹುಲ್ಲು ಜಾಸ್ತಿ ಎಂಬುದು ಬಂಧುಗಳ ಪತ್ರಗಳ ತಂತಿಯನ್ನು ಬಿಚ್ಚಿದರೆ ತಿಳಿಯುತ್ತದೆ. ಹಾಳೆಯ ನೆತ್ತಿಯಲ್ಲಿ ನಡುಮಧ್ಯಕ್ಕೆ 'ಶ್ರೀ'. ಬಲತುದಿಯಲ್ಲಿ 'ಕ್ಷೇಮ', ಅದರ ಕೆಳಗೆ ಊರು, ತಾರೀಖು. ಆಮೇಲೆ ಬಿರುದುಗಳ ಮೆರವಣಿಗೆ. ಹಿರಿಯರಿಗಾದರೆ 'ತೀರ್ಥರೂಪು ಸಮಾನರಾದ', ಕಿರಿಯರಿಗಾದರೆ 'ಚಿರಂಜೀವಿ', ಮುತ್ತೈದೆಗೆ 'ಸೌಭಾಗ್ಯವತಿ', ಹೊರಗಿನ ದೊಡ್ಡವರಿಗೆ 'ಮ||ರಾ||ರಾ||', ಎಂದರೆ ಮಹಾರಾಜ ರಾಜಶ್ರೀ. ಮದರಾಸು ಸರ್ಕಾರದ ಇಂಗ್ಲಿಷ್ ಕಾಗದಗಳಲ್ಲಿಯೂ ಈ ಮೂರು ಅಕ್ಷರಗಳು ಇಂಗ್ಲಿಷ್ ವೇಷ ಹಾಕಿಕೊಂಡು ಗುಮಾಸ್ತರ ಹೆಸರುಗಳ ಮುಂದೆ ಕುಳಿತಿದ್ದವು. ಮಹಾರಾಜತ್ವ ಅಷ್ಟು ಅಗ್ಗವಾಗಿ ಮತ್ತೆಂದೂ ದೊರೆತಿರಲಾರದು! ಬಿರುದು ಮುಗಿದ ಮೇಲೆ ಬರೆಯುವವರ ನಮಸ್ಕಾರ ಅಥವಾ ಆಶೀರ್ವಾದ, ಆಮೇಲೆ ಈ ದಿವಸದವರೆಗೆ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಸುತ್ತಿರತಕ್ಕದ್ದು, ಆಮೇಲೆ 'ಉಭಯಕುಶಲೋಪರಿ'. ಆ ಬಾಗಿಲನ್ನು ದಾಟಿದ ನಂತರವಷ್ಟೇ ಎಮ್ಮೆ ಕರು ಹಾಕಿದ ಸುದ್ದಿ, ನಾಲೆಯಲ್ಲಿ ನೀರು ನಿಂತ ಸುದ್ದಿ, ಕೈಸಾಲದ ಸುದ್ದಿ.

ಈ ಅಲಂಕಾರವೆಲ್ಲ ವ್ಯರ್ಥವೆಂದು ಹೇಳುವುದಕ್ಕೆ ಮುಂಚೆ ಒಂದನ್ನು ನೆನೆಯಬೇಕು. ಸಾವಿನ ಸುದ್ದಿ ಹೊತ್ತ ಕಾಗದಕ್ಕೆ 'ಶ್ರೀ' ಇರುತ್ತಿರಲಿಲ್ಲ, 'ಕ್ಷೇಮ'ವೂ ಇರುತ್ತಿರಲಿಲ್ಲ. ಕಾರ್ಡಿನ ಅಂಚಿಗೆ ಮಸಿ ಬಳಿಯುವುದೂ ಉಂಟು. ಮದುವೆಯ ಕಾಗದಕ್ಕೆ ನಾಲ್ಕು ಮೂಲೆಗೂ ಅರಿಸಿನ. ಓದು ಬಾರದ ಹೆಂಗಸು ಕೂಡ ಅಂಚೆಯವನ ಕೈಯಿಂದ ಕಾಗದ ತೆಗೆದುಕೊಳ್ಳುವಾಗಲೇ ಅದು ಅರಿಸಿನದ್ದೋ ಮಸಿಯದ್ದೋ ಎಂದು ತಿಳಿಯುತ್ತಿದ್ದಳು. ಆಕಾರವೇ ಅರ್ಧ ಸುದ್ದಿ. ಸಾವಿನ ಕಾಗದವನ್ನು ಓದಿ ಹರಿದುಹಾಕುತ್ತಿದ್ದುದರಿಂದ ತಾತನ ತಂತಿಯಲ್ಲಿ ಅಂಥದ್ದು ಒಂದೂ ಇಲ್ಲ. ನಲವತ್ತು ವರ್ಷದ ಕಾಗದಗಳನ್ನು ಓದಿದವನಿಗೆ ಆ ವಂಶದಲ್ಲಿ ಯಾರೂ ಸಾಯಲೇ ಇಲ್ಲವೆಂಬ ಭ್ರಮೆ ಹುಟ್ಟಬೇಕು.

ಎರಡನೆಯ ತಂತಿಯ ಅರ್ಜಿಗಳಲ್ಲಿ ಕ್ಷೇಮಸಮಾಚಾರವಿಲ್ಲ. ಅಮಲ್ದಾರರ ಕ್ಷೇಮ ಕೇಳುವಷ್ಟು ಸಲಿಗೆ ರೈತನಿಗೆಲ್ಲಿಯದು? 'ಸನ್ನಿಧಾನಕ್ಕೆ', 'ಮಹಾಸ್ವಾಮಿಯವರಲ್ಲಿ', 'ಬಡರೈತನಾದ ನಾನು ಬರೆದುಕೊಂಡ ಅರ್ಜಿ ಏನೆಂದರೆ'. ಈ 'ಏನೆಂದರೆ' ಎಂಬುದು ಕನ್ನಡ ಕಾಗದದ ನಿಜವಾದ ಹೊಸಿಲು. ಕ್ರಯಪತ್ರದಲ್ಲಿ 'ಕ್ರಮವೇನೆಂದರೆ', ಇಂದಿನ ಅರ್ಜಿಯಲ್ಲಿ 'ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ'. ಇಂಗ್ಲಿಷಿನಿಂದ ಬಂದ ಚೌಕಟ್ಟಿನೊಳಗೆ ಇಂದಿಗೂ ಅಲುಗದೆ ನಿಂತಿರುವ ನಮ್ಮದೇ ಕಂಬ ಇದು.

ತಾತನಿಗೆ ಈ ಒಕ್ಕಣೆ ಎಲ್ಲಿಂದ ಬಂತು? ಅವರ ಗುರುಗಳಿಂದ, ಎನ್ನಬಹುದು. ಗುರುಗಳಿಗೆ? ಹೀಗೆ ಹಿಂದಕ್ಕೆ ಹೋಗುತ್ತಾ ಹೋದರೆ ಕಾಗದ ಮುಗಿದು ಕಲ್ಲು ಸಿಕ್ಕುತ್ತದೆ, ಮತ್ತು ಆ ಕಲ್ಲು ನಮ್ಮ ಮದ್ದೂರು ತಾಲ್ಲೂಕಿನದೇ ಆಗಿದೆ. ಆತಕೂರಿನ ಶಾಸನವನ್ನು ವಾಚಕರು ಬಲ್ಲರು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲು ಶಕವರ್ಷ ೮೭೨ರದು, ಎಂದರೆ ಕ್ರಿ.ಶ. ೯೪೯-೫೦. ಚೋಳ ರಾಜಾದಿತ್ಯನೊಡನೆ ನಡೆದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗ ಬೂತುಗ. ಆ ಬೂತುಗನ ಕಡೆಯ ವೀರ ಮಣಲೆರ. ಮೆಚ್ಚಿ ಏನು ಬೇಕೆಂದು ಒಡೆಯನು ಕೇಳಿದಾಗ ಮಣಲೆರ ಕೇಳಿದ್ದು ಕಾಳಿ ಎಂಬ ನಾಯನ್ನು. ಆ ನಾಯಿ ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪ ಎಂಬ ಶಾಪವೂ ಉಂಟು.

ನಾಯಿಯ ಕಥೆ ಎಲ್ಲರಿಗೂ ಹಿಡಿಸುತ್ತದೆ. ನಾನು ಈ ಸಲ ಅದನ್ನು ಓದಿದ್ದು ಬರಹದ ಕಟ್ಟಿಗಾಗಿ. ಮೊದಲು 'ಸ್ವಸ್ತಿ', ಮಂಗಳದ ಮಾತು. ಹಿಂದೆಯೇ ವರ್ಷ. ಆಮೇಲೆ ಅರಸನ ಬಿರುದು, ಹೆಸರು. ಆಮೇಲೆ ನಡೆದ ಸಂಗತಿ. ಆಮೇಲೆ ಕೊಟ್ಟದ್ದೇನು, ಎಷ್ಟು. ಕೊನೆಗೆ ತಪ್ಪಿದರೆ ಏನಾಗುತ್ತದೆ. ತಾತನ ಕ್ರಯಪತ್ರಗಳ ಪಕ್ಕದಲ್ಲಿ ಇಟ್ಟು ನೋಡಿದರೆ ಮೂಳೆಗಟ್ಟು ಒಂದೇ. 'ಸ್ವಸ್ತಿ' ಹೋಗಿ 'ಶ್ರೀ' ಬಂದಿದೆ, ಶಕವರ್ಷ ಹೋಗಿ ಇಸವಿ ಬಂದಿದೆ, ನಾಯಿಯ ಪಾಪದ ಜಾಗದಲ್ಲಿ 'ತಕರಾರು ಬಂದಲ್ಲಿ ನಾನೇ ಸ್ವಂತ ಖರ್ಚಿನಿಂದ ನಿವಾರಿಸಿಕೊಡುತ್ತೇನೆ' ಎಂಬ ಭರವಸೆ ಬಂದಿದೆ. ನಾಯಿಯ ಪಾಪವೇ ಹೆಚ್ಚು ಪರಿಣಾಮಕಾರಿಯಾಗಿತ್ತೆಂದು ನನ್ನ ಅಭಿಪ್ರಾಯ.

ಇದಕ್ಕೂ ಹಿಂದಿನ ನಿಯಮಪುಸ್ತಕವೊಂದು ಮೈಸೂರಿನಲ್ಲಿಯೇ ಬೆಳಕಿಗೆ ಬಂತು. ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳು ಅಲ್ಲಿನ ಓರಿಯಂಟಲ್ ಲೈಬ್ರರಿಯ ಓಲೆಗಳಲ್ಲಿ ಗುರುತಿಸಿ, ೧೯೦೯ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ 'ಅರ್ಥಶಾಸ್ತ್ರ'ದಲ್ಲಿ ರಾಜಶಾಸನವನ್ನು ಬರೆಯುವ ಕ್ರಮಕ್ಕೆಂದೇ ಒಂದು ಅಧ್ಯಾಯವಿದೆ. ಅರಸನಿಗೆ ಬರೆಯುವಾಗ ಅವನ ದೇಶ, ಐಶ್ವರ್ಯ, ವಂಶ, ಹೆಸರು ನಾಲ್ಕನ್ನೂ ಹೇಳಬೇಕು. ಅರಸನಲ್ಲದವನಿಗೆ ದೇಶ ಮತ್ತು ಹೆಸರು ಸಾಕು. ಬರಹಕ್ಕೆ ಆರು ಗುಣ: ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತೆ. ಈ ಪಟ್ಟಿಯಲ್ಲಿ ಅರ್ಥಕ್ರಮ, ಎಂದರೆ ಮುಖ್ಯವಾದದ್ದನ್ನು ಮೊದಲು ಹೇಳುವುದು, ಮೊದಲಿಗಿದೆ. ದೋಷಗಳಲ್ಲಿ ಪುನರುಕ್ತಿಯೂ ಒಂದು. ಇನ್ನೊಂದು ಮಾತು ಓದಿ ನಾನು ಬೆರಗಾದೆ: ಬರಹ ಮುಗಿಯಿತೆಂದು ತಿಳಿಸಲು 'ಇತಿ' ಎಂದು ಬರೆಯಬೇಕು ಎನ್ನುತ್ತಾನೆ ಕೌಟಿಲ್ಯ. ನಮ್ಮ ಹುಡುಗರು ಉತ್ತರಪತ್ರಿಕೆಯಲ್ಲಿ 'ಇತಿ ತಮ್ಮ ವಿಶ್ವಾಸಿ' ಎಂದು ಗೀಚುವಾಗ ಎಷ್ಟು ಹಳೆಯ ಆಜ್ಞೆಯನ್ನು ಪಾಲಿಸುತ್ತಿದ್ದಾರೆಂದು ಅವರಿಗೂ ಗೊತ್ತಿಲ್ಲ, ಅಂಕ ಕೊಡುವ ನನಗೂ ಗೊತ್ತಿರಲಿಲ್ಲ.

ಕನ್ನಡದಲ್ಲಿ ಕಾಗದದ ಹೆಸರೇ ಅದು ಹೋಗುವ ದಿಕ್ಕನ್ನು ಹೇಳುತ್ತಿತ್ತು. ಮೇಲಿನಿಂದ ಕೆಳಕ್ಕೆ ಇಳಿಯುವುದು ನಿರೂಪ. ಕೆಳಗಿನಿಂದ ಮೇಲಕ್ಕೆ ಏರುವುದು ಬಿನ್ನಹ. ಸರಿಸಮರ ನಡುವೆ ಓಲೆ. ಅರಮನೆಯ ಬರಹ ರಾಯಸ. ಆಮೇಲೆ ಸುಲ್ತಾನರ, ಮರಾಠರ, ಹೈದರನ ಕಾಲದ ಕಚೇರಿಗಳ ಮೂಲಕ ಪಾರಸಿ ಅರಬ್ಬೀ ಮಾತುಗಳು ಬಂದವು: ಅರ್ಜಿ, ಹುಜೂರು, ಸದರಿ, ರುಜು, ಮೊಹರು, ನಕಲು, ಕೊನೆಗೆ ಕಾಗದವೆಂಬ ಮಾತು ಕೂಡ. ಕ್ರಯಪತ್ರದ ಬುಡದಲ್ಲಿ ಬರೆದವನು ತನ್ನ ಹೆಸರಿನ ಹಿಂದೆ ಹಾಕುವ 'ಬಿಕ್ಕಲಂ' ಲೇಖನಿಯ ಹೆಸರಾದ ಕಲಮನ್ನು ಹೊತ್ತಿದೆ. ನನ್ನ ತಾತನ ಹೆಸರಿನ ಹಿಂದೆ ಅದನ್ನು ಕಂಡಾಗ, ಚಿಕ್ಕಂದಿನಲ್ಲಿ, ಅದು ನಮ್ಮ ಮನೆತನದ ಹೆಸರೆಂದೇ ತಿಳಿದಿದ್ದೆ.

ಪರಭಾಷೆಯ ಮಾತು ಬಂದಿತೆಂದು ಮುಖ ಸಿಂಡರಿಸುವವರು ಶೃಂಗೇರಿಯ ಕಡತಗಳನ್ನು ನೆನೆಯಬೇಕು. ೧೭೯೧ರಲ್ಲಿ ಮರಾಠಾ ದಂಡು ಶೃಂಗೇರಿಯನ್ನು ಕೊಳ್ಳೆ ಹೊಡೆದ ಮೇಲೆ, ಶಾರದಾಂಬೆಯ ಪುನಃಪ್ರತಿಷ್ಠೆಗೆ ನೆರವು ಕೊಟ್ಟು, ಪಾರಸಿಯನ್ನು ಆಡಳಿತಕ್ಕೆ ತಂದ ಟೀಪು ಸುಲ್ತಾನನೇ ಸ್ವಾಮಿಗಳಿಗೆ ಕನ್ನಡದಲ್ಲಿ ಕಾಗದಗಳನ್ನು ಬರೆಸಿದನು. ೧೯೧೬ರಲ್ಲಿ ಮೈಸೂರಿನ ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರು ಅವನ್ನು ಮಠದಲ್ಲಿ ಕಂಡು ಬೆಳಕಿಗೆ ತಂದರು. ಯಾರಿಗೆ ಬರೆಯುತ್ತೇವೆಯೋ ಅವರಿಗೆ ಒಪ್ಪುವ ನುಡಿಯಲ್ಲಿ, ಅವರಿಗೆ ಸಲ್ಲುವ ಗೌರವದೊಡನೆ ಬರೆಯಬೇಕೆಂಬ ನಿಯಮ ಸಿಂಹಾಸನದ ಮೇಲೆ ಕುಳಿತವನಿಗೂ ತಪ್ಪಿದ್ದಲ್ಲ.

ಕಾಗದ ಬರೆದರೆ ಸಾಲದು, ಮುಟ್ಟಬೇಕು. ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದಿಂದ ಆಳಿದ ಚಿಕ್ಕದೇವರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಹಾಕಿದ ಅಂಚೆಯ ಏರ್ಪಾಡು ಮೈಸೂರು ಸಂಸ್ಥಾನದ ಸ್ವಂತ ಟಪಾಲಾಗಿ ಬೆಳೆದು, ೧೮೮೯ರಲ್ಲಿ ಬ್ರಿಟಿಷ್ ಇಂಡಿಯಾದ ಟಪಾಲಿನಲ್ಲಿ ಸೇರಿಹೋಯಿತು. ಅದಕ್ಕೆ ಹತ್ತು ವರ್ಷ ಮೊದಲು, ೧೮೭೯ರಲ್ಲಿ, ಕಾಲಾಣೆಯ ಕಾರ್ಡು ಬಂದಿತ್ತು. ಒಕ್ಕಣೆಗೆ ಮೊದಲು ಕತ್ತರಿ ಹಾಕಿದ್ದು ಯಾವ ಸುಧಾರಕನೂ ಅಲ್ಲ, ಈ ಕಾರ್ಡು. ಅಂಗೈಯಗಲದ ಜಾಗದಲ್ಲಿ ತೀರ್ಥರೂಪರಿಗೆ ಎಷ್ಟು ಬಿರುದು ಹಿಡಿಸೀತು? ಮಂಡ್ಯದ ಬೆಲ್ಲದ ಮಂಡಿಯಿಂದ ತಾತನಿಗೆ ಬಂದ ಕಾರ್ಡೊಂದು ಆ ಪೆಟ್ಟಿಗೆಯಲ್ಲಿದೆ. 'ಶ್ರೀ' ಇದೆ, 'ಕ್ಷೇಮ'ವಿದೆ, ಮಿಕ್ಕದ್ದು ನಾಲ್ಕೇ ಸಾಲು. ಗಾಡಿ ಬಂತು, ತೂಕ ಇಷ್ಟು, ದರ ಇಷ್ಟು, ಕಮಿಷನ್ ಕಳೆದು ಬಾಕಿ ಇಷ್ಟು, ಆಳನ್ನು ಕಳಿಸಿ. ವರ್ತಕನಿಗೆ ಕಾಲವೂ ಕಾಸು, ಜಾಗವೂ ಕಾಸು. ಕನ್ನಡದ ಒಳ್ಳೆಯ ವ್ಯವಹಾರ ಗದ್ಯವನ್ನು ನಾನು ಹುಡುಕಬೇಕಾದ್ದು ಮಂಡಿಗಳಲ್ಲಿ ಎಂದು ಆ ಕಾರ್ಡನ್ನು ನೋಡಿದ ಮೇಲೆ ಅನ್ನಿಸಿದೆ.

ಇನ್ನು ಇಂಗ್ಲಿಷರ ಕಾಗದ. ೧೭೯೯ರ ಮಾರ್ಚ್ ೨೭ರಂದು ಮಳವಳ್ಳಿಯ ಬಯಲಿನಲ್ಲಿ ಟೀಪುವಿನ ಸೇನೆಯನ್ನು ಹಿಮ್ಮೆಟ್ಟಿಸಿ ಜನರಲ್ ಹ್ಯಾರಿಸ್ ಮುಂದೆ ಸಾಗಿದನು. ಮೇ ೪ಕ್ಕೆ ಶ್ರೀರಂಗಪಟ್ಟಣ ಬಿತ್ತು. ೧೮೩೧ರಿಂದ ೧೮೮೧ರವರೆಗೆ ಸಂಸ್ಥಾನ ಕಮಿಷನರುಗಳ ಕೈಯಲ್ಲಿತ್ತು. ಅವರೊಡನೆ ಬಂದ ಕಾಗದದ ಕೊನೆಯಲ್ಲಿ ಒಂದು ಸಾಲಿರುತ್ತಿತ್ತು: ತಮ್ಮ ಅತ್ಯಂತ ವಿಧೇಯ ಸೇವಕನಾಗಿರುವ ಗೌರವ ನನ್ನದು, ಎಂದು. ಗವರ್ನರನೂ ಇನ್ನೊಬ್ಬ ಗವರ್ನರನಿಗೆ ಹಾಗೆಯೇ ಬರೆಯುತ್ತಿದ್ದನು. ಅವರಿಗೆ ಅದು ಟೋಪಿ ಎತ್ತಿದ ಹಾಗೆ. ಎತ್ತಿದವನಿಗೂ ನೋಡಿದವನಿಗೂ ಅದರ ಬೆಲೆ ಗೊತ್ತಿತ್ತು. ಅದೇ ಸಾಲು ಕನ್ನಡಕ್ಕೆ ಇಳಿದು 'ತಮ್ಮ ವಿಧೇಯ ಸೇವಕ' ಎಂದಾದಾಗ ನಿಜವಾದ ಸೇವಕರ ಕೈಗೆ ಬಿತ್ತು. ಹೆಗಲ ಮೇಲಿನ ಟವಲನ್ನು ಕಂಕುಳಿಗೆ ಇಳಿಸಿ, ಕಚೇರಿಯ ಜಗಲಿಯ ಕೆಳಗೆ ನಿಂತ ರೈತ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದಾಗ ಅದು ಟೋಪಿಯ ಶಿಷ್ಟಾಚಾರವಾಗಿ ಉಳಿಯಲಿಲ್ಲ, ಅಕ್ಷರಶಃ ಸತ್ಯವಾಯಿತು. ಸ್ವಾತಂತ್ರ್ಯ ಬಂದ ಮೇಲೆ 'ಮಹಾಸ್ವಾಮಿ' ಮೆಲ್ಲನೆ 'ಮಾನ್ಯರೇ' ಆದದ್ದು, 'ಸೇವಕ' ಹೋಗಿ 'ವಿಶ್ವಾಸಿ' ಬಂದದ್ದು ತಾತನ ತಂತಿಯಲ್ಲಿ ಹಾಳೆ ಹಾಳೆಯಾಗಿ ಕಾಣುತ್ತದೆ. ೧೯೩೯ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ಜಿಲ್ಲೆ ಆದದ್ದನ್ನು ನಾವು ಇತಿಹಾಸವಾಗಿ ಓದುತ್ತೇವೆ; ಅರ್ಜಿ ಬರೆಯುವವರಿಗೆ ಅದು 'ಗೆ'ಯ ಕೆಳಗಿನ ಸಾಲು ಬದಲಾದ ವರ್ಷ.

ಆದರೂ ಇಂಗ್ಲಿಷ್ ಕಾಗದದಿಂದ ಬಂದ ಒಂದು ಉಪಕಾರವನ್ನು ಒಪ್ಪಲೇಬೇಕು. ಅದು 'ವಿಷಯ' ಎಂಬ ಸಾಲು. ನಮ್ಮ ಹಳೆಯ ಒಕ್ಕಣೆಯಲ್ಲಿ ಕೇಳಿಕೆ ಏನೆಂಬುದು ಬಿರುದು, ನಮಸ್ಕಾರ, ಕಷ್ಟನಿವೇದನೆಗಳನ್ನು ದಾಟಿ ಮೂರನೆಯ ಮಗ್ಗುಲಲ್ಲಿ ಸಿಕ್ಕುತ್ತಿತ್ತು. ಹುಜೂರಿನಲ್ಲಿ ಒಬ್ಬ ಓದಿ ಇನ್ನೊಬ್ಬ ಕೇಳುವ ಕಾಲಕ್ಕೆ ಅದು ಸರಿ. ಇಂಗ್ಲಿಷರ ಕಚೇರಿಯಲ್ಲಿ ಪ್ರತಿಯೊಂದು ಕಾಗದವೂ ಒಂದು ಕಟ್ಟಿನೊಳಗಿನ ಹಾಳೆ. ಯಾವ ಕಟ್ಟಿಗೆ ಸೇರಿಸಬೇಕೆಂದು ಗುಮಾಸ್ತನಿಗೆ ಒಂದು ನೋಟಕ್ಕೆ ತಿಳಿಯಬೇಕು. ಅದಕ್ಕೆ 'ವಿಷಯ', ಹಿಂದಿನ ಕಾಗದದ ಗುರುತಿಗೆ 'ಉಲ್ಲೇಖ'. ಆ ಕಟ್ಟಿಗೆ ನಾವಿಟ್ಟ ಹೆಸರು ಕಡತ. ಹಳೆಯ ಕಡತವೆಂದರೆ ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ. ಬೇಡವಾದದ್ದನ್ನು ಒರಸಿಬಿಡಬಹುದಾಗಿತ್ತು. ಈಗಿನ ಕಡತಕ್ಕೆ ಆ ಗುಣವೊಂದಿಲ್ಲ.

೧೯೬೩ರಲ್ಲಿ ರಾಜಭಾಷಾ ಕಾಯಿದೆ ಬಂದು ಕನ್ನಡ ರಾಜ್ಯದ ಆಡಳಿತ ಭಾಷೆಯಾಯಿತು. ಅದಕ್ಕೂ ಮೊದಲೇ ಸಂವಿಧಾನದ ೩೫೦ನೆಯ ಅನುಚ್ಛೇದ, ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಕೊಡುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿತ್ತು. ೨೦೦೫ರ ಮಾಹಿತಿ ಹಕ್ಕಿನ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬರೆಯಲಾರದವನು ಬಾಯಲ್ಲಿ ಹೇಳಿದರೆ ಅದನ್ನು ಬರಹಕ್ಕಿಳಿಸಲು ಅಧಿಕಾರಿಯೇ ನೆರವಾಗಬೇಕೆಂದಿತು. ನಿರೂಪ ಕೊಡುವವನು ಬಿನ್ನಹ ಬರೆದುಕೊಡಬೇಕು! ಕರ್ನಾಟಕದ ನಿಯಮಗಳಲ್ಲಿ ಇಂಥ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ ನೂರೈವತ್ತು ಪದಗಳನ್ನು ಮೀರಬಾರದು ಎಂಬ ಅಳತೆಯೂ ೨೦೦೮ರಲ್ಲಿ ಸೇರಿತು. ಇದು ಕೇಳುವವನ ಬಾಯಿ ಕಟ್ಟುವ ನಿಯಮವೆಂದು ಆಗ ನಾನು ಗೊಣಗಿದ್ದೆ. ಈಗಲೂ ಪೂರ್ತಿ ಸಮಾಧಾನವಿಲ್ಲ. ಆದರೆ ನೂರೈವತ್ತು ಪದ ಮೀರಿದ ಅರ್ಜಿಯೊಂದನ್ನು ನಾನೇ ಬರೆದು ಪಟ್ಟ ಪಾಡನ್ನು ಹೇಳಿದರೆ ನನ್ನ ಗೊಣಗಿನ ಬೆಲೆ ವಾಚಕರಿಗೆ ತಿಳಿದೀತು.

ನಮ್ಮ ಚಿಕ್ಕಪ್ಪ ತೀರಿಕೊಂಡ ಮೇಲೆ ಮಳವಳ್ಳಿ ಕಡೆಯ ಹಳ್ಳಿಯಲ್ಲಿ, ವಿಶ್ವೇಶ್ವರಯ್ಯ ನಾಲೆಯ ನೀರು ಹಾಯುವ ಇಪ್ಪತ್ತು ಗುಂಟೆ ಗದ್ದೆಯ ಪೌತಿ ಖಾತೆ ಚಿಕ್ಕವ್ವನ ಹೆಸರಿಗೆ ಆಗಬೇಕಾಗಿತ್ತು. ಚಿಕ್ಕವ್ವ ಬಸ್ಸು ಹತ್ತಿ ಮಂಡ್ಯಕ್ಕೆ ಬಂದು, ತಂದ ಸೊಪ್ಪಿನ ಗಂಟನ್ನು ಅಡಿಗೆಮನೆಗೆ ಕೊಟ್ಟು, 'ಒಂದ್ ಅರ್ಜಿ ಬರ್ಕೊಡು ಮಗ. ನೀನು ದೊಡ್ಡ ಓದು ಓದ್ದೋನು' ಎಂದಳು. ನಾನು ಉಬ್ಬಿದೆ. ಎರಡು ಮಗ್ಗುಲು ಬರೆದೆ. ಕಾವೇರಿಯಿಂದ ಆರಂಭಿಸಿ, ನಾಲೆ ಬರುವುದಕ್ಕೆ ಮುಂಚಿನ ಒಣಭೂಮಿಯ ಕಷ್ಟ, ದಂಪತಿಗಳ ದುಡಿಮೆ, ವಿಧವೆಯ ಅ‌ಸಹಾಯಕತೆ, ಎಲ್ಲವನ್ನೂ ತುಂಬಿದೆ. ಬರೆದ ಮೇಲೆ ನನಗೇ ಕಣ್ಣು ತೇವವಾಯಿತು. ಅರ್ಜಿ ಹೋಗಬೇಕಾದ ಕಚೇರಿಗೆ ಹೋಯಿತು. ಚಿಕ್ಕವ್ವ ಕೂಲಿ ಬಿಟ್ಟು ಮೂರು ಸಲ ಆ ಕಚೇರಿಯ ಬಾಗಿಲಿಗೆ ಅಲೆದಳು. ನಾಲ್ಕನೆಯ ಸಲ ಅರ್ಜಿ ಹಿಂದಕ್ಕೆ ಬಂತು, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ಷರಾ: 'ಕೋರಿಕೆ ಸ್ಪಷ್ಟವಿಲ್ಲ.'

ನನಗೆ ಸಿಟ್ಟು ಬಂತು. ಗುಮಾಸ್ತನ ಅರಸಿಕತೆಯ ಮೇಲೆ ಒಂದು ಉಪನ್ಯಾಸವನ್ನೇ ಮಾಡಿದೆ. ಚಿಕ್ಕವ್ವ ಕೇಳಿಸಿಕೊಂಡಳು. ಆಮೇಲೆ, 'ಅದೇನ್ ಬರ್ದಿದ್ದೀಯೋ ಓದು ಮಗ' ಎಂದಳು. ಓದಿದೆ. ಕೊನೆಯವರೆಗೂ ತಾಳ್ಮೆಯಿಂದ ಕೂತಿದ್ದು, 'ಚೆಂದಾಗೈತೆ ಕಣಪ್ಪ. ಇದ್ರೊಳ್ಗೆ ನನ್ ಗದ್ದೆ ಎಲ್ಲೈತೆ?' ಎಂದು ಕೇಳಿದಳು.

ಹುಡುಕಿದೆ. ಸರ್ವೆ ನಂಬರು ಬರೆಯುವುದನ್ನೇ ಮರೆತಿದ್ದೆ.

ಮಾರನೆಯ ವಾರ ಚಿಕ್ಕವ್ವನನ್ನು ಕರೆದುಕೊಂಡು ವಯಸ್ಸಾದ ಅರ್ಜಿ ಬರಹಗಾರರೊಬ್ಬರ ಬಳಿಗೆ ಹೋದೆ. ಅವರು ಚಿಕ್ಕಂದಿನಲ್ಲಿ ತಾತನ ಪಕ್ಕದಲ್ಲಿ ಕೂತು ಕಾರ್ಬನ್ ಕಾಗದ ಇಡುತ್ತಿದ್ದವರಂತೆ. ನನ್ನ ಎರಡು ಮಗ್ಗುಲನ್ನು ಕನ್ನಡಕ ಏರಿಸಿ ಓದಿ, ಜೋಪಾನವಾಗಿ ಮಡಿಸಿ, 'ಇದನ್ನ ಮನೇಲಿ ಮಡಗಿಕೊಳ್ಳಿ ಸ್ವಾಮಿ' ಎಂದು ಹಿಂದಕ್ಕೆ ಕೊಟ್ಟರು. ಆಮೇಲೆ ಬೇರೆ ಹಾಳೆ ತೆಗೆದರು. 'ಇಂದ', ಹೆಸರು, ಗಂಡನ ಹೆಸರು, ಗ್ರಾಮ, ಹೋಬಳಿ, ತಾಲ್ಲೂಕು. 'ಗೆ', ಅಧಿಕಾರಿಯ ಹುದ್ದೆ. ವಿಷಯ: ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಇಪ್ಪತ್ತು ಗುಂಟೆಗೆ ಪೌತಿ ಖಾತೆ ಮಾಡಿಕೊಡುವ ಬಗ್ಗೆ. ಕೇಳಿಕೊಳ್ಳುವುದೇನೆಂದರೆ, ಗಂಡ ಇಂಥ ದಿನ ತೀರಿಕೊಂಡಿದ್ದಾರೆ. ಜಮೀನು ಅವರ ಹೆಸರಿನಲ್ಲಿದೆ. ನಾನು ಅವರ ಹೆಂಡತಿ. ನನ್ನ ಹೆಸರಿಗೆ ಖಾತೆ ಮಾಡಿಕೊಡಿ. ಅಡಕ: ಮರಣಪತ್ರ, ವಂಶವೃಕ್ಷ, ಪಹಣಿ. ಇತಿ. ಕಾವೇರಿ ಇಲ್ಲ, ಕಣ್ಣೀರಿಲ್ಲ. ಅರಸನಲ್ಲದವನಿಗೆ ದೇಶವೂ ಹೆಸರೂ ಸಾಕು ಎಂದ ಕೌಟಿಲ್ಯ ನನ್ನ ಬೆನ್ನ ಹಿಂದೆ ನಿಂತು ನಗುತ್ತಿದ್ದ ಹಾಗಾಯಿತು.

ಕನ್ನಡ ಮೇಷ್ಟರ ಚಾಳಿ ಬಿಡುತ್ತದೆಯೇ? 'ಈ "ಇಂದ", "ಗೆ" ಹೀಗೆ ಒಂಟಿಯಾಗಿ ಬರೆಯೋದು ವ್ಯಾಕರಣದ ಪ್ರಕಾರ ತಪ್ಪು. "ಇವರಿಂದ", "ಇವರಿಗೆ" ಅಂತ ಬರೀಬಹುದಲ್ಲ?' ಎಂದೆ.

ಅವರು ನನ್ನನ್ನು ನೋಡಿ, 'ಬರೀಬೋದು ಸ್ವಾಮಿ, ನಿಮ್ ತಾತನವರು ಹಂಗೇ ಬರೀತಿದ್ರು' ಎಂದರು. 'ಅದನ್ನ ಅಲ್ಲಿ ಯಾರೂ ಓದಾಕಿಲ್ಲ. ಅದು ಅವರ ಕಣ್ಣು ಹುಡುಕೋ ಜಾಗ.'

ಮನೆಗೆ ಬಂದು ಪೆಟ್ಟಿಗೆ ತೆಗೆದು ನೋಡಿದೆ. ಮಾತು ನಿಜ. ತಾತನ ಕಡೆಯ ವರ್ಷಗಳ ಅರ್ಜಿಗಳಲ್ಲಿ ಹೊಸ ಚೌಕಟ್ಟೆಲ್ಲ ಬಂದಿದೆ, ವಿಷಯದ ಸಾಲೂ ಇದೆ. ಆದರೆ ನೆತ್ತಿಯಲ್ಲಿ 'ಇವರಿಂದ', 'ಇವರಿಗೆ' ಎಂದೇ ಇದೆ. ಮದ್ದೂರಿನ ಹುಡುಗನಿಗೆ ಆ ನಕಲನ್ನು ಒಯ್ದು ತೋರಿಸಿದೆ. ಅವನು ಒಪ್ಪಿದ. ಪರೀಕ್ಷೆಯಲ್ಲಿ ಹೇಗೆ ಬರೆಯಲೆಂದು ಕೇಳಿದ. ಹೇಗೆ ಬರೆದರೂ ಅಂಕ ಕೊಡುತ್ತೇನೆಂದೆ.

ಅರ್ಜಿಗೆ ಹೆಬ್ಬೆಟ್ಟು ಒತ್ತುವ ಮುಂಚೆ ಚಿಕ್ಕವ್ವ ಅದನ್ನು ಓದಿಸಿ ಕೇಳಿದ್ದಳು. ಸರ್ವೆ ನಂಬರು ಬಂದಾಗ ತಲೆದೂಗಿದಳು. ಮುಗಿದ ಮೇಲೆ ಬರಹಗಾರರ ಕಡೆ ತಿರುಗಿ, 'ಎಲ್ಲಾ ಸರಿ ಕಣಣ್ಣ. ಕಾಗ್ದ ಅಂದ್ಮೇಲೆ ಅವರ ಕ್ಷೇಮ ಕೇಳ್ಬ್ಯಾಡ್ವಾ?' ಎಂದಳು. ಬರಹಗಾರರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವರು ಲೇಖನಿಯ ಟೋಪಿ ತೆಗೆದು, ಹಾಳೆಯ ನೆತ್ತಿಯಲ್ಲಿ, 'ಇಂದ'ಕ್ಕೂ ಮೇಲೆ ಉಳಿದಿದ್ದ ಜಾಗದಲ್ಲಿ, ಸಣ್ಣಗೆ ಒಂದು 'ಶ್ರೀ' ಬರೆದರು. ಚಿಕ್ಕವ್ವ ಹೆಬ್ಬೆಟ್ಟು ಒತ್ತಿದಳು. ಮೂರು ತಿಂಗಳಿಗೆ ಖಾತೆ ಅವಳ ಹೆಸರಿಗೆ ಆಯಿತು.